ಮಕ್ಕಳು, ಕುಟುಂಬದ ಪಾಲಿಸಿ ಓದೋಕೆ ಎಂಎಸ್‌ಡಬ್ಲ್ಯೂನಾ, ಪಬ್ಲಿಕ್ ಪಾಲಿಸಿನಾ?

ಮಕ್ಕಳು, ಕುಟುಂಬದ ಪಾಲಿಸಿ ಓದೋಕೆ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಸೇರೋದಾ, ಪಬ್ಲಿಕ್ ಪಾಲಿಸಿ (ಸರ್ಕಾರಿ ನೀತಿಗಳ ಓದು) ಸೇರೋದಾ ಅಂತ ಕೇಳಿದೀರ. ಕಾರಣ ಅಂತ "ಮಕ್ಕಳಂದ್ರೆ ತುಂಬಾ ಇಷ್ಟ, ಅದಕ್ಕೇ" ಅಂತ ಬರೆದಿದೀರಲ್ಲ, ಅಡ್ಮಿಷನ್ ಇಂಟರ್‌ವ್ಯೂನಲ್ಲಿ ನಾನೂ ಇದನ್ನೇ ಹೇಳಿದ್ದೆ. ಎಂಎಸ್‌ಡಬ್ಲ್ಯೂ ಕೊನೇ ವರ್ಷ ಡಿಸರ್ಟೇಷನ್‌ಗೆ ಬಾಲಮಂದಿರದ (ಮನೇಲಿ ನೋಡ್ಕೊಳ್ಳೋರಿಲ್ಲದ ಮಕ್ಕಳನ್ನ ಇಡೋ ಸರ್ಕಾರಿ ಸಂಸ್ಥೆ) ಮಕ್ಕಳನ್ನ ತಗೊಂಡೆ, ಮಕ್ಕಳನ್ನ ಮಾತಾಡಿಸ್ದೆ, ಸೂಪರಿಂಟೆಂಡೆಂಟ್ ಮೇಡಂನ ಕೇಳ್ದೆ, ಫೈಲ್ ನೋಡ್ದೆ, ಆದ್ರೆ ಒಂದು ಮಗೂನ ಮನೆಗೂ ಹೋಗ್ಲಿಲ್ಲ. ಮನೆಗಳು ದೂರ ದೂರ ಇದ್ವು ನಿಜ, ಫೈಲಲ್ಲೇ ಎಲ್ಲಾ ಇದೆಯಲ್ಲ ಅಂತಾನೂ ಅನ್ಕೊಂಡೆ, ಆದ್ರೆ ಅಸಲಿ ಕಾರಣ ಅಂದ್ರೆ ಮಗೂನ ಬಿಟ್ಟುಹೋದ ತಾಯಿ ಹತ್ರ ಕೇಳೋದೇನು ಅನ್ನೋ ಸಿಟ್ಟು. ಫೈಲಲ್ಲಿ "ತಂದೆ ಮೃತ, ತಾಯಿ ಪೋಷಿಸಲು ಅಶಕ್ತರು" ಅಂತಿತ್ತು, ಹಾಗೇ ಟೇಬಲ್‌ಗೆ ಇಳಿಸ್ದೆ. ವೈವಾದಲ್ಲಿ ಎಕ್ಸಾಮಿನರ್ ಕೇಳಿದ್ದು ಒಂದೇ: ಅಶಕ್ತರು ಅಂದ್ರೆ ತಿಂಗಳಿಗೆ ಎಷ್ಟು ರೂಪಾಯಿ ಸಾಲಲ್ಲ? ನನ್ನ ಹತ್ರ ಉತ್ತರ ಇರ್ಲಿಲ್ಲ. ಮತ್ತೆ ಮಾಡ್ಕೊಂಡು ಬನ್ನಿ ಅಂದ್ರು, ಆ ವರ್ಷ ಡಿಗ್ರಿ ಸಿಗ್ಲಿಲ್ಲ, ಸಿಕ್ಕಿದ್ದ ಕೆಲಸಾನೂ ಹೋಯ್ತು.

ಆಮೇಲೆ ಮನೆಗಳಿಗೆ ಹೋದೆ. ಒಬ್ಬ ತಾಯಿ ಗಾರ್ಮೆಂಟ್ಸ್‌ಗೆ ಹೋಗೋರು. 2015ರ ಬಾಲ ನ್ಯಾಯ ಕಾಯ್ದೆ ಪ್ರಕಾರ ಮಗೂನ ಸಂಸ್ಥೇಲಿ ಇಡೋದು ಬೇರೆ ಯಾವ ದಾರೀನೂ ಇಲ್ದಿದ್ದಾಗ ಮಾತ್ರ. ಮನೇಲೇ ಬೆಳೀಲಿ ಅಂತ ಮಿಷನ್ ವಾತ್ಸಲ್ಯ ಅನ್ನೋ ಕೇಂದ್ರ ಸರ್ಕಾರದ ಮಕ್ಕಳ ರಕ್ಷಣೆ ಯೋಜನೇಲಿ ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವ, ಅಂದ್ರೆ ಮಗೂನ ಸಾಕೋಕೆ ಹಣದ ನೆರವು, ಕೊಡ್ತಾರೆ. ಆದ್ರೆ ಆದಾಯ ಮಿತಿ ಹಳ್ಳೀಲಿ ವರ್ಷಕ್ಕೆ 72,000, ಉಳಿದ ಕಡೆ 96,000, ಅಂದ್ರೆ ತಿಂಗಳಿಗೆ 8,000. ಆ ತಾಯಿ ಸಂಬಳ ಅದಕ್ಕಿಂತ ಜಾಸ್ತಿ ಇತ್ತು, ಹಾಗಾಗಿ ದುಡ್ಡು ಬರಲ್ಲ, ಕೆಲಸ ಬಿಟ್ರೆ ಬಾಡಿಗೆ ಕಟ್ಟೋರಿಲ್ಲ, ಬಿಡ್ಲಿಲ್ಲ ಅಂದ್ರೆ ಸ್ಕೂಲ್ ಬಿಟ್ಮೇಲೆ ಮಗೂನ ನೋಡ್ಕೊಳ್ಳೋರಿಲ್ಲ. ಇದನ್ನ ಬಾಲಮಂದಿರದಲ್ಲಿ ಕೂತ ಪುಟ್ಟ ಮಗು ನನಗೆ ಹೇಗೆ ಹೇಳ್ಬೇಕಿತ್ತು?

ಹಾಗಾಗಿ ಮಕ್ಕಳು ಇಷ್ಟ ಅನ್ನೋದು ಈ ಓದಿಗೆ ಕಾರಣಾನೇ ಅಲ್ಲ ಅಂತೀನಿ. ಇಲ್ಲಿ ಓದೋದು ದೊಡ್ಡೋರ ಸಂಬಳ, ಶಿಫ್ಟ್ ಟೈಮು, ಬಾಡಿಗೆ, ಸರ್ಕಾರಿ ಆದೇಶ. ಮಕ್ಕಳ ಜೊತೆ ಇರ್ಬೇಕು ಅಂತಿದ್ರೆ ಬಿ.ಎಡ್ ಮಾಡಿ, ತುಂಬಾ ಒಳ್ಳೆ ಕೆಲಸ ಅದು. ಪಾಲಿಸಿನೇ ಬೇಕು ಅಂದ್ರೆ ಮೊದಲು ಎಂಎಸ್‌ಡಬ್ಲ್ಯೂ, ಯಾಕಂದ್ರೆ ಅದರಲ್ಲಿ ಫೀಲ್ಡ್‌ವರ್ಕ್ ಕಡ್ಡಾಯ, ಪಬ್ಲಿಕ್ ಪಾಲಿಸಿ ಆಮೇಲೆ ನೋಡ್ಬೋದು. ಅದಕ್ಕೂ ಮುಂಚೆ ನಿಮ್ಮ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಹೋಗಿ ಪ್ರಾಯೋಜಕತ್ವಕ್ಕೆ ಏನೇನು ದಾಖಲೆ ಬೇಕು ಅಂತ ಕೇಳಿ, ಅದನ್ನೆಲ್ಲ ಹೊಂದಿಸೋಕೆ ಎಷ್ಟು ದಿನದ ಕೂಲಿ ಬಿಡ್ಬೇಕು ಅಂತ ನಿಮ್ಮೂರಿನ ಒಬ್ಬ ತಾಯೀನ ಕೇಳಿ. ಅದಾದ್ಮೇಲೂ ಓದ್ಬೇಕು ಅನ್ಸಿದ್ರೆ ಇಲ್ಲೇ ಬರೀರಿ, ಎಂಟ್ರೆನ್ಸ್‌ಗೆ ಏನು ಓದ್ಬೇಕು ಅಂತ ಹೇಳ್ತೀನಿ.