‘ಪುಟ್ಟ ಮಕ್ಕಳಿಗೆ ಪಾಠ ಹೇಳೋಕೆ ಡಾಕ್ಟರೇಟ್ ಯಾಕೆ?’

(ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.)

ನನ್ನ ಬಳಿ ಸಲಹೆ ಕೇಳಿಕೊಂಡು ಬಂದವರು ನಲವತ್ತರ ಹತ್ತಿರದ ಶಿಕ್ಷಕಿ. ಮೂರರಿಂದ ಆರು ವರ್ಷದ ಮಕ್ಕಳ ಜೊತೆ ಬಹುಕಾಲ ಕೆಲಸ ಮಾಡಿ, ಈಗ ಶಾಲೆಯ ಆ ವಿಭಾಗದ ಮುಖ್ಯಸ್ಥೆಯಾಗಿದ್ದಾರೆ. ಶಿಶು ಶಿಕ್ಷಣದಲ್ಲಿ ಆನ್‌ಲೈನ್ ಡಾಕ್ಟರೇಟ್‌ಗೆ ಅರ್ಜಿ ಹಾಕಿದ್ದರು, ಪ್ರವೇಶವೂ ಸಿಕ್ಕಿತ್ತು. ಶುಲ್ಕ ಕಟ್ಟುವ ಗಡುವು ಹತ್ತಿರವಾದಂತೆ ನಿದ್ದೆ ಕೆಟ್ಟಿತು. ಗಂಡ ಬೇಡ ಎಂದಿರಲಿಲ್ಲ, ‘ಈಗ ಯಾಕೆ?’ ಎಂದಿದ್ದರಷ್ಟೇ. ಮಗಳಿಗೆ ಆರು ವರ್ಷ. “ಸೇರಲೋ ಬೇಡವೋ, ನೀವೇ ಹೇಳಿಬಿಡಿ ಮೇಡಂ” ಎಂದರು.

ಆ ತೀರ್ಮಾನ ಅವರದೇ ಆಗಬೇಕಿತ್ತು. ಹಾಗಾಗಿ ಒಂದು ಪ್ರಶ್ನೆ ಕೇಳಿದೆ: “ಪದವಿ ಬಂದ ಮಾರನೆಯ ದಿನ ನಿಮ್ಮ ಬದುಕಿನಲ್ಲಿ ಏನು ಬದಲಾಗಿರಬೇಕು?”

ಉತ್ತರ ಎರಡು ಭಾಗವಾಗಿ ಬಂತು. ಶಿಕ್ಷಕರ ತರಬೇತಿ ಕಾಲೇಜಿನಲ್ಲಿ ಪಾಠ ಮಾಡಬೇಕು ಎಂದು ಮೊದಲು ಹೇಳಿದರು. ಸ್ವಲ್ಪ ಹೊತ್ತು ಸುಮ್ಮನಿದ್ದು, ಒಂದು ಸಭೆಯ ಕತೆ ಹೇಳಿದರು. ತಮ್ಮ ಓದಿನ ಆಸೆಯನ್ನು ಅಲ್ಲಿ ಹೇಳಿಕೊಂಡಾಗ ಹಿರಿಯ ಸಹೋದ್ಯೋಗಿಯೊಬ್ಬರು, ‘ಪುಟ್ಟ ಮಕ್ಕಳಿಗೆ ಪಾಠ ಹೇಳೋಕೆ ಡಾಕ್ಟರೇಟ್ ಯಾಕೆ?’ ಎಂದು ನಕ್ಕಿದ್ದರಂತೆ. ತಿರುಗಿ ಹೇಳಲು ಇವರಲ್ಲಿ ಮಾತಿಲ್ಲದೆ ಇರಲಿಲ್ಲ. ಅಮೆರಿಕದ ಇಪ್ಸಿಲಾಂಟಿಯಲ್ಲಿ 1962ರಲ್ಲಿ ಶುರುವಾದ, ಒಳ್ಳೆಯ ಶಿಶು ಶಿಕ್ಷಣ ಬಡ ಮಕ್ಕಳ ಬದುಕನ್ನು ಹೇಗೆ ಬದಲಿಸುತ್ತದೆಂದು ನೋಡಿದ ಪೆರ್ರಿ ಪ್ರಿಸ್ಕೂಲ್ ಅಧ್ಯಯನ ಕೇವಲ 123 ಮಕ್ಕಳದ್ದು. ಅವರನ್ನು ನಡುವಯಸ್ಸಿನವರೆಗೂ ಗಮನಿಸಿದ್ದರಿಂದಲೇ ಸರ್ಕಾರಗಳು ಇಂದಿಗೂ ಅದನ್ನು ಮುಂದಿಟ್ಟುಕೊಂಡು ಮಾತಾಡುತ್ತವೆ. ಇದೆಲ್ಲ ಅವರಿಗೆ ಬಾಯಿಪಾಠ. ಆದರೆ ಆ ಹೊತ್ತಿನಲ್ಲಿ ಗಂಟಲು ಕಟ್ಟಿತು. ಅದನ್ನು ನನ್ನೆದುರು ಹೇಳುವಾಗಲೂ ಕಟ್ಟಿತು.

ಶಿಶು ಶಿಕ್ಷಣದಲ್ಲಿರುವವರ ಈ ನೋವು ನನಗೆ ಹೊಸದಲ್ಲ. ಕೆಲಸ ಎಷ್ಟು ಸೂಕ್ಷ್ಮವೋ ಅಷ್ಟೇ ಅಗ್ಗವಾಗಿ ಅದನ್ನು ನೋಡುತ್ತಾರೆ. ಆ ಅವಮಾನ ನಿಜ, ಅದಕ್ಕೆ ಮದ್ದು ಬೇಕು ಎಂದು ಮೊದಲು ಒಪ್ಪಿಕೊಂಡೆ. ಆಮೇಲೆ ಹೇಳಿದೆ: “ನಕ್ಕವರ ಬಾಯಿ ಮುಚ್ಚಿಸಲು ನಾಲ್ಕೈದು ವರ್ಷ ಓದುವುದು ಬಲು ಕಷ್ಟ. ಸಿಟ್ಟು ಒಂದು ವರ್ಷದಲ್ಲಿ ಆರುತ್ತದೆ, ಮಹಾಪ್ರಬಂಧ ಆಗಿನ್ನೂ ಶುರುವಾಗಿರುವುದಿಲ್ಲ. ಅವರು ಯಾರೂ ನಗದೇ ಇದ್ದಿದ್ದರೂ ನಿಮ್ಮನ್ನು ಬಿಡದೆ ಕಾಡುವ ಪ್ರಶ್ನೆ ಯಾವುದು?”

ಅದನ್ನು ಯೋಚಿಸಿಕೊಂಡು ಬನ್ನಿ ಎಂದು ಕಳಿಸಿದೆ. ಮುಂದಿನ ಭೇಟಿಯಲ್ಲಿ ಅವರು ಒಬ್ಬ ಹುಡುಗನ ಬಗ್ಗೆ ಮಾತಾಡಿದರು. ಮನೆಯ ಭಾಷೆ ಒಂದು, ಶಾಲೆಯದು ಇನ್ನೊಂದು. ತಿಂಗಳುಗಟ್ಟಲೆ ತರಗತಿಯಲ್ಲಿ ಅವನು ತುಟಿ ಬಿಚ್ಚಲಿಲ್ಲ. ಒಬ್ಬ ಶಿಕ್ಷಕಿ ಮಾತಾಡಿಸಲೇಬೇಕೆಂದು ಹಟ ಹಿಡಿದರೆ, ಇನ್ನೊಬ್ಬರು ಬ್ಲಾಕ್ ಜೋಡಿಸುತ್ತ ಅವನ ಪಕ್ಕ ಸುಮ್ಮನೆ ಕೂರುತ್ತಿದ್ದರಂತೆ. ಆ ತಿಂಗಳುಗಳಲ್ಲಿ ಶಿಕ್ಷಕಿ ಮಾಡುವುದು, ಮಾಡದಿರುವುದು ಮಗುವಿಗೆ ಏನಾಗಿ ತಲುಪುತ್ತದೆ? ಇದನ್ನು ಹೇಳುವಾಗ ಅವರ ದನಿಯೇ ಬೇರೆಯಾಗಿತ್ತು. ಓದಲು ಹೊರಟದ್ದು ಅವಮಾನಕ್ಕಲ್ಲ, ಈ ಪ್ರಶ್ನೆಗೆ ಎಂದು ಇಬ್ಬರಿಗೂ ಕಂಡದ್ದು ಆಗ.

ಅಲ್ಲಿಂದ ಮುಂದೆ ಸಲಹೆ ಸುಲಭವಾಯಿತು, ಹೆಚ್ಚಿನದೆಲ್ಲ ವ್ಯವಹಾರದ ಮಾತು. ಅವರ ಪ್ರಶ್ನೆ ತರಗತಿಯೊಳಗಿನದು. ಇಂಥದಕ್ಕೆ ‘ಡಾಕ್ಟರ್ ಆಫ್ ಎಜುಕೇಶನ್’, ಅಂದರೆ ಎಡ್‌.ಡಿ. ಹೊಂದುತ್ತದೆ. 1920ರ ದಶಕದಲ್ಲಿ ಹಾರ್ವರ್ಡ್‌ನಲ್ಲಿ ಶುರುವಾದ ಈ ಪದವಿ, ವೃತ್ತಿಯಲ್ಲಿದ್ದುಕೊಂಡೇ ವೃತ್ತಿಯ ಸಮಸ್ಯೆ ಬಿಡಿಸುವವರಿಗೆಂದು ಬೆಳೆದದ್ದು. ಪಿಎಚ್‌.ಡಿ. ಹೊಸ ಸಿದ್ಧಾಂತದ ಕಡೆ ಹೆಚ್ಚು ವಾಲುತ್ತದೆ. ಕಾಗದದ ಮೇಲಿನ ಈ ಗೆರೆ ಎಲ್ಲ ವಿಶ್ವವಿದ್ಯಾಲಯಗಳಲ್ಲೂ ಒಂದೇ ತೆರನಾಗಿ ಇರುವುದಿಲ್ಲ, ಆದ್ದರಿಂದ ಅಲ್ಲಿ ಮುಗಿದ ಮಹಾಪ್ರಬಂಧಗಳನ್ನೇ ತೆರೆದು ನೋಡಿ ಎಂದೆ.

ಮಾನ್ಯತೆಯ ಬಗ್ಗೆ ಮಾತ್ರ ಖಡಾಖಂಡಿತವಾಗಿ ಹೇಳಿದೆ. ನಾಳೆ ಕೆಲಸ ಕೇಳಿಕೊಂಡು ಹೋಗುವ ದೇಶದಲ್ಲಿ ಆನ್‌ಲೈನ್ ಡಾಕ್ಟರೇಟ್ ಪದವಿಗೆ ಮಾನ್ಯತೆ ಇದೆಯೇ ಎಂದು ಅಲ್ಲಿನ ನಿಯಂತ್ರಣ ಸಂಸ್ಥೆಯ ನಿಯಮದಲ್ಲೇ ನೋಡಬೇಕು, ಮಾರಾಟ ವಿಭಾಗದವರ ಫೋನ್ ಮಾತು ಸಾಲದು. ಅಮೆರಿಕದಲ್ಲಿ ಮಾನ್ಯತೆ ಪಡೆದ ಆನ್‌ಲೈನ್ ಎಡ್‌.ಡಿ.ಗಳು ಹಲವಿವೆ. ಭಾರತದಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ನಿಯಮಾವಳಿ ದೂರಶಿಕ್ಷಣ ಅಥವಾ ಆನ್‌ಲೈನ್ ಮೂಲಕ ಪಿಎಚ್‌.ಡಿ.ಗೆ ಅವಕಾಶ ಕೊಡುವುದಿಲ್ಲ. ವಿದೇಶಿ ಸಂಸ್ಥೆಗಳ ಜೊತೆ ಸೇರಿ ಎಡ್‌ಟೆಕ್ ಕಂಪನಿಗಳು ಕೊಡುವ ಆನ್‌ಲೈನ್ ಪಿಎಚ್‌.ಡಿ. ಬಗ್ಗೆ ಅದೇ ವರ್ಷ ಯುಜಿಸಿ, ತಾಂತ್ರಿಕ ಶಿಕ್ಷಣದ ನಿಯಂತ್ರಣ ಸಂಸ್ಥೆಯಾದ ಎಐಸಿಟಿಇ ಎರಡೂ ಎಚ್ಚರಿಸಿದ್ದವು. ಕಾಲೇಜು ಬೋಧನೆಯ ಆಸೆ ಇಟ್ಟುಕೊಂಡವರಿಗೆ ಇದು ಸಣ್ಣ ವಿಷಯವಲ್ಲ.

ಇನ್ನು ಗೈಡ್, ಅಂದರೆ ಮಹಾಪ್ರಬಂಧದ ಮಾರ್ಗದರ್ಶಕರು. ಆನ್‌ಲೈನ್ ಓದಿನಲ್ಲಿ ಕೋರ್ಸ್‌ವರ್ಕ್ ಹೇಗೋ ಸಾಗುತ್ತದೆ: ವಾರದ ಓದು, ಗಡುವು, ಪರದೆಯ ಮೇಲಾದರೂ ಜೊತೆಗಾರರು ಇರುತ್ತಾರೆ. ಅದು ಮುಗಿದು ಮಹಾಪ್ರಬಂಧಕ್ಕೆ ಕೂತಾಗ ಇವೆಲ್ಲ ಒಮ್ಮೆಲೇ ಇಲ್ಲವಾಗುತ್ತವೆ. ಅನೇಕರು ನಿಂತುಹೋಗುವುದು ಅಲ್ಲೇ, ಅದೂ ಸದ್ದಿಲ್ಲದೆ. ಅದಕ್ಕೇ ಶುಲ್ಕ ಕಟ್ಟುವ ಮೊದಲು ಬರೆದು ಕೇಳಿ ಎಂದೆ: ನನ್ನ ಗೈಡ್ ಯಾರು, ಅವರ ಕೈಕೆಳಗೆ ಈಗ ಎಷ್ಟು ಜನ, ಕರಡು ಕಳಿಸಿದರೆ ಎಷ್ಟು ದಿನಕ್ಕೆ ಉತ್ತರ, ಅವರು ಬಿಟ್ಟು ಹೋದರೆ ಮುಂದೇನು, ಪ್ರಬಂಧ ತಡವಾದರೆ ಪ್ರತಿ ಅವಧಿಗೂ ಶುಲ್ಕ ತೆರಬೇಕೇ, ಕ್ಯಾಂಪಸ್‌ಗೆ ಎಷ್ಟು ಸಲ ಬರಬೇಕು. ಮುಗಿಸಿದವರ ಜೊತೆಗೆ ಅರ್ಧಕ್ಕೆ ಬಿಟ್ಟ ಒಬ್ಬರನ್ನಾದರೂ ಹುಡುಕಿ ಮಾತಾಡಿಸಲೂ ಹೇಳಿದೆ.

ತಮ್ಮ ಶಾಲೆಯಲ್ಲೇ ಅಧ್ಯಯನ ಮಾಡುವ ಯೋಚನೆ ಅವರದು. ಸಂಶೋಧನೆಯಲ್ಲಿ ಭಾಗವಹಿಸಿ ಎಂದು ವಿಭಾಗದ ಮುಖ್ಯಸ್ಥೆ ಕೇಳಿದರೆ ಕೈಕೆಳಗಿನ ಶಿಕ್ಷಕಿ ಇಲ್ಲ ಎನ್ನಬಲ್ಲರೇ? ಸಂಶೋಧನೆಗೆ ಒಪ್ಪಿಗೆ ಕೊಡುವ ನೈತಿಕ ಸಮಿತಿ ಕೇಳುವುದು ಇದನ್ನೇ. ಪೋಷಕರ ಸಹಿಯ ಜೊತೆಗೆ ಮಗುವಿನ ಒಪ್ಪಿಗೆಯೂ ಬೇಕು. ಕ್ಯಾಮೆರಾ ಕಂಡು ಮಗು ಬೆನ್ನು ತಿರುಗಿಸಿದರೆ ಅದು ‘ಬೇಡ’ ಎಂದೇ ಅರ್ಥ. ತನಗೆ ಸಂಬಂಧಿಸಿದ ವಿಷಯದಲ್ಲಿ ಮಗುವಿನ ಅಭಿಪ್ರಾಯಕ್ಕೆ ತೂಕ ಕೊಡಬೇಕೆಂದು 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಹೇಳುತ್ತದೆ. ಮಾತಾಡದ ಮಕ್ಕಳನ್ನೇ ಅಧ್ಯಯನ ಮಾಡುವವರಿಗೆ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಇದನ್ನು ಅವರು ನನಗಿಂತ ಚೆನ್ನಾಗಿ ಅರ್ಥ ಮಾಡಿಕೊಂಡರು. ಬೇರೆ ಶಾಲೆಯೊಂದನ್ನು ಹುಡುಕುತ್ತೇನೆ ಎಂದರು.

ಒಂದು ಭೇಟಿಗೆ ಗಂಡನೂ ಬಂದರು. ಅವರ ‘ಈಗ ಯಾಕೆ’ ಹಿಂದಿದ್ದದ್ದು ಹಣದ ಅಂಜಿಕೆ, ಸಂಜೆಗಳು ಹೋಗಿಬಿಡುತ್ತವೆ ಎಂಬ ಅಂಜಿಕೆ. ಎರಡನ್ನೂ ಹಾಳೆಯ ಮೇಲೆ ಬರೆದೆವು. ವಾರದಲ್ಲಿ ಯಾವ ಗಂಟೆಗಳು ಓದಿಗೆ, ಆಗ ಮಗಳು ಯಾರ ಜೊತೆ, ಸಾಲ ಎಲ್ಲಿಯವರೆಗೆ ಸೈ ಎಂದು ಅವರಿಬ್ಬರೇ ತೀರ್ಮಾನಿಸಿದರು. “ರಾತ್ರಿ ಕತೆ ಹೇಳುವ ಹೊತ್ತನ್ನು ಮಾತ್ರ ಮುಟ್ಟಬೇಡಿ” ಎಂದಷ್ಟೇ ನಾನು ಸೇರಿಸಿದೆ. ಮಗುವಿನ ಬಗ್ಗೆ ಓದುತ್ತ ಸ್ವಂತ ಮಗುವನ್ನು ದೂರ ಮಾಡಿದೆನೆಂಬ ಅಪರಾಧಿ ಭಾವ ತಾಯಂದಿರನ್ನು ಹಿಂಡಿಬಿಡುತ್ತದೆ.

ಮೊದಲ ವಿಶ್ವವಿದ್ಯಾಲಯ ಗೈಡ್ ಬಗೆಗಿನ ಪ್ರಶ್ನೆಗಳಿಗೆ ನೇರ ಉತ್ತರ ಕೊಡಲಿಲ್ಲ. ಅವರು ಆ ಪ್ರವೇಶ ಬಿಟ್ಟುಕೊಟ್ಟರು. ಮರುವರ್ಷ ಇನ್ನೊಂದು ಕಡೆ, ಬಹುಭಾಷಾ ತರಗತಿಗಳ ಬಗ್ಗೆಯೇ ಕೆಲಸ ಮಾಡಿದ ಗೈಡ್ ಜೊತೆ ಮೊದಲು ಮಾತಾಡಿ, ಆಮೇಲೆ ಸೇರಿಕೊಂಡರು. ಈಗ ಕೋರ್ಸ್‌ವರ್ಕ್ ಕೊನೆಯ ಹಂತದಲ್ಲಿದೆ. ಮಹಾಪ್ರಬಂಧ ಶುರುವಾಗುವ ಮುನ್ನ ಸಹಪಾಠಿಗಳಿಬ್ಬರ ಜೊತೆ ವಾರಕ್ಕೊಮ್ಮೆ ವಿಡಿಯೋ ಕರೆಯಲ್ಲಿ ಕೂತು ಬರೆಯುವ ಏರ್ಪಾಡು ಮಾಡಿಕೊಂಡಿದ್ದಾರೆ. ನನ್ನ ಬಳಿಗೂ ಆಗಾಗ ಬರುತ್ತಾರೆ. ನಕ್ಕವರ ಬಗ್ಗೆ ಇನ್ನೂ ನೋವಿದೆ, ಅದರ ಬಗ್ಗೆಯೂ ಮಾತಾಡುತ್ತೇವೆ.