ಮಿರ್ಚಿ ಗ್ಯಾಸಾ, ಹಾರ್ಟಾ?

ಪ್ರಶ್ನೆ: ನಮ್ಮ ಯಜಮಾನರಿಗೆ 54 ವರ್ಷ. ಮಂಡಕ್ಕಿ ಭಟ್ಟಿ ಇದೆ. ಶುಗರ್ ಇದೆ, ಬೀಡಿ ಬಿಟ್ಟಿಲ್ಲ. ಎರಡು ತಿಂಗಳಿಂದ ಚೀಲ ಹೊತ್ತು ಅಟ್ಟ ಹತ್ತಿದರೆ ಎದೆ ಹಿಂಡಿದಂತಾಗಿ ಕೂತುಬಿಡುತ್ತಾರೆ. ಐದು ನಿಮಿಷಕ್ಕೆ ಸರಿಹೋಗುತ್ತದೆ. ಆಗ ತೆಗೆಸಿದ ಇಸಿಜಿ ನಾರ್ಮಲ್. ಈ ವಾರ ಎರಡು ರಾತ್ರಿ ಮಲಗಿದ್ದಾಗಲೇ ನೋವು ಬಂದು ಬೆವರಿದರು. ‘ಮಿರ್ಚಿ ಗ್ಯಾಸ್’ ಅಂತ ಸೋಡಾ ಕುಡಿದು ಮಲಗುತ್ತಾರೆ. ಏನು ಮಾಡಲಿ?
— ಓದುಗರೊಬ್ಬರು, ದಾವಣಗೆರೆ

ಉತ್ತರ: ಅಮ್ಮಾ, ಪತ್ರ ಓದಿದ ದಿನವೇ ನಿಮಗೆ ಫೋನ್ ಮಾಡಿ, ಅವರನ್ನು ಆಸ್ಪತ್ರೆಗೆ ಕರೆದೊಯ್ಯಲು ಹೇಳಿದ್ದೆ. ಇಂಥದ್ದಕ್ಕೆ ಮುಂದಿನ ಸಂಚಿಕೆ ಕಾಯಬಾರದು. ಈಗ ಬರೆಯುತ್ತಿರುವುದು ಊರಲ್ಲಿ ಸೋಡಾ ಕುಡಿಯುತ್ತಿರುವ ಉಳಿದವರಿಗೆ.

ಎಲ್ಲಿ ನೋವು ಅಂತ ಕೇಳಿದರೆ ಕೆಲವರು ಒಂದೇ ಬೆರಳಿಟ್ಟು ‘ಇಲ್ಲಿ’ ಅಂತಾರೆ. ಇನ್ನು ಕೆಲವರು ಮುಷ್ಟಿ ಬಿಗಿದು ಎದೆ ನಡುವೆ ಒತ್ತಿ ಹಿಡಿಯುತ್ತಾರೆ. ಆ ಮುಷ್ಟಿ ಕಂಡರೆ ನನಗೆ ಭಯ. ‘ನೋವಲ್ಲ ಸಾರ್, ಯಾರೋ ಕಲ್ಲು ಹೇರಿದಂಗೆ’ ಅಂತಾರೆ. ಭಾರ ಎಡಗೈಗೋ, ಬೆನ್ನಿಗೋ, ದವಡೆಗೋ ಹರಿಯಬಹುದು. ಜೊತೆಗೆ ತಣ್ಣನೆ ಬೆವರು, ವಾಂತಿ, ಏದುಸಿರು. ಹೆಂಗಸರಿಗೆ, ಶುಗರ್ ಇದ್ದವರಿಗೆ ಎದೆನೋವೇ ಇಲ್ಲದೆ ಬರೀ ಸುಸ್ತು, ಉಸಿರುಕಟ್ಟುವುದು ಇರಬಹುದು.

ಇದನ್ನು ನಾನು ಕಲಿತದ್ದು ನಾಚಿಕೆಯಿಂದ. ಚಿತ್ರದುರ್ಗದಲ್ಲಿದ್ದ ನನ್ನಪ್ಪ ಒಂದು ಬೆಳಿಗ್ಗೆ ‘ದವಡೆ ನೋವು, ಹೊಟ್ಟೆ ತೊಳಸುತ್ತೆ’ ಅಂದರು. ಅವರಿಗೂ ಶುಗರ್. ಡಾಕ್ಟರಾದ ನಾನು ಫೋನಲ್ಲೇ ಆಸಿಡಿಟಿ ಮಾತ್ರೆ ಹೇಳಿದೆ! ನಾಲ್ಕು ಗಂಟೆ ಹಾಳಾಯಿತು. ಬದುಕಿಕೊಂಡರು. ಈಗಲೂ ‘ಹಲ್ಲುನೋವಿಗೆ ಯಾವ ಮಾತ್ರೆ ಡಾಕ್ಟ್ರೇ?’ ಅಂತ ಚುಚ್ಚುತ್ತಾರೆ.

ನಿಮ್ಮ ಯಜಮಾನರದು ಮೊದಲು ಅಟ್ಟ ಹತ್ತಿದಾಗ ಬರುತ್ತಿತ್ತು, ಕೂತರೆ ಹೋಗುತ್ತಿತ್ತು. ರಕ್ತನಾಳ ಕಿರಿದಾಗಿದೆ ಅನ್ನೋ ಸೂಚನೆ ಅದು. ಈಗ ಮಲಗಿದ್ದಾಗಲೇ ಬರುತ್ತಿದೆ, ಅಂದರೆ ಹಾರ್ಟ್ ಅಟ್ಯಾಕ್ ಹೊಸ್ತಿಲಲ್ಲಿ ನಿಂತಿರಬಹುದು. ಹಳೇ ಇಸಿಜಿ ತೋರಿಸಿ ಸಮಾಧಾನ ಪಡಬೇಡಿ. ಅದು ಆ ಗಳಿಗೆಯ ಫೋಟೋ ಅಷ್ಟೇ. ನೋವಿದ್ದಾಗಲೂ ಮೊದಲ ಇಸಿಜಿ ನಾರ್ಮಲ್ ಬರುವುದುಂಟು. ಅದಕ್ಕೇ ಮತ್ತೆ ಮತ್ತೆ ತೆಗೆಯುತ್ತಾರೆ, ಟ್ರೋಪೋನಿನ್ ಅನ್ನೋ ರಕ್ತಪರೀಕ್ಷೆಯನ್ನೂ ಕೆಲ ಗಂಟೆ ಬಿಟ್ಟು ಮತ್ತೊಮ್ಮೆ ಮಾಡುತ್ತಾರೆ.

ಹಾಗಾದರೆ ಗ್ಯಾಸ್ ಇರೋದೇ ಇಲ್ವಾ? ಇರುತ್ತೆ. ಹುಳಿತೇಗು, ಊಟವಾದ ಮೇಲೆ ಬಗ್ಗಿದರೆ ಉರಿ. ಆದರೆ ತೇಗು ಬಂದು ಹಗುರಾಯಿತು ಅಂದಮಾತ್ರಕ್ಕೆ ಹಾರ್ಟ್ ಸರಿಯಿದೆ ಅಂತಲ್ಲ. ಅದನ್ನು ಮನೆಯಲ್ಲಿ ಕೂತು ತೀರ್ಮಾನಿಸೋಕೆ ಆಗಲ್ಲ.

ಹಿಂಡುವ ನೋವು ಬಂದರೆ 108ಕ್ಕೆ ಫೋನ್ ಮಾಡಿ. ಬೈಕ್ ಹಿಂದೆ ಕೂರಿಸಬೇಡಿ. ಅಲರ್ಜಿ, ಹೊಟ್ಟೆಯಲ್ಲಿ ರಕ್ತಸ್ರಾವದ ತೊಂದರೆ ಇಲ್ಲದಿದ್ದರೆ 300 ಮಿಲಿಗ್ರಾಂ ಆಸ್ಪಿರಿನ್ ಅಗಿದು ನುಂಗಿಸಿ. ಆದರೆ ನಾಲಿಗೆ ಕೆಳಗಿಡುವ ಸಾರ್ಬಿಟ್ರೇಟ್ ಮಾತ್ರೆಯನ್ನು ಪಕ್ಕದ ಮನೆಯವರಿಂದ ತಂದು ಕೊಡಬೇಡಿ, ಬಿಪಿ ಕುಸಿದೀತು. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ ಹಲವು ತಾಲ್ಲೂಕು ಆಸ್ಪತ್ರೆಗಳಲ್ಲೂ ಇಸಿಜಿ ತೆಗೆದು, ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ ಉಚಿತವಾಗಿ ಕೊಡುತ್ತಾರೆ. ಮೊದಲ ಒಂದೆರಡು ಗಂಟೆಯಲ್ಲೇ ಅದರ ಬೆಲೆ ಜಾಸ್ತಿ.

ಅಟ್ಟದ ಮೇಲಿದ್ದಾಗ ನೋವು ಬಂದರೆ ನಡೆಸಿ ಇಳಿಸಬೇಡಿ. ಕುರ್ಚಿಯಲ್ಲಿ ಕೂರಿಸಿ, ಇಬ್ಬರು ಹಿಡಿದು ಇಳಿಸಿ. ಶುಗರ್ ಮಾತ್ರೆ ಚೀಟಿ ಅವರ ಜೇಬಲ್ಲೇ ಇರಲಿ.