ಕೃಷಿ ಪ್ರಶ್ನೋತ್ತರ: ದುಡಿಯುವವಳ ಹೆಸರು ಪಹಣಿಯಲ್ಲಿ ಎಲ್ಲಿ?

ಪ್ರಶ್ನೆ: ಮಾವ ತೀರಿಕೊಂಡು ನಾಲ್ಕು ವರ್ಷ, ಯಜಮಾನರು ಹೋಗಿ ಎರಡು ವರ್ಷ. ಮಾವ ಸ್ವಂತ ದುಡಿದು ಕೊಂಡ ನಾಲ್ಕು ಎಕರೆ ಇನ್ನೂ ಅವರ ಹೆಸರಲ್ಲೇ ಇದೆ. ಮೆಕ್ಕೆಜೋಳ ಬಿತ್ತುವುದರಿಂದ ಮಾರುವವರೆಗೆ ಎಲ್ಲ ನಾನೇ. ಸೊಸೈಟಿಯಲ್ಲಿ ಸಾಲ ಕೇಳಿದರೆ ಪಹಣಿ ಕೇಳುತ್ತಾರೆ. ಮೈದುನ ‘ಉಳ್ಕೊಂಡು ಹೋಗ್ರಿ ವೈನಿ, ಖಾತೆ ಯಾಕ’ ಅನ್ನುತ್ತಾನೆ. ಅತ್ತೆ, ಮದುವೆಯಾದ ನಾದಿನಿ, ನನ್ನ ಇಬ್ಬರು ಚಿಕ್ಕ ಮಕ್ಕಳು ಇದ್ದಾರೆ.
– ಓದುಗರೊಬ್ಬರು, ಹಾವೇರಿ ಜಿಲ್ಲೆ

ಉತ್ತರ: ಮೈದುನ ಒಳ್ಳೆಯ ಮನಸ್ಸಿನಿಂದಲೇ ಹೇಳಿರಬಹುದು. ಆದರೆ ಸಾಲ, ಬೆಳೆಹಾನಿ ಪರಿಹಾರ, ಸಬ್ಸಿಡಿ ಎಲ್ಲವೂ ನೋಡುವುದು ಪಹಣಿಯ 9ನೇ ಕಾಲಂ, ಅಂದರೆ ಮಾಲೀಕರ ಹೆಸರು. ‘12ನೇ ಕಾಲಂನಲ್ಲಿ ಉಳುಮೆದಾರಳು ಅಂತ ಬರೆಸೋಣ ಬಿಡಿ’ ಎಂದು ಯಾರಾದರೂ ಸಮಾಧಾನ ಹೇಳಿದರೆ ಒಪ್ಪಬೇಡಿ. ಅದರಿಂದ ಮಾಲೀಕತ್ವ ಬರುವುದಿಲ್ಲ.

ಮೊದಲು ಪಾಲಿನ ಲೆಕ್ಕ. ಮಾವ ವಿಲ್ ಬರೆದಿಲ್ಲವಾದರೆ, ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಅತ್ತೆ, ನಿಮ್ಮ ಯಜಮಾನರು, ಮೈದುನ, ನಾದಿನಿ ನಾಲ್ವರಿಗೂ ತಲಾ ಒಂದು ಎಕರೆ. ಯಜಮಾನರ ಆ ಒಂದು ಎಕರೆ, ಅಂದರೆ 40 ಗುಂಟೆ, ಅವರ ತಾಯಿ, ನೀವು, ಇಬ್ಬರು ಮಕ್ಕಳು ಹೀಗೆ ನಾಲ್ಕಾಗಿ ಒಡೆಯುತ್ತದೆ. ತಲಾ 10 ಗುಂಟೆ. ನಿಮ್ಮ ಮೂವರದು ಸೇರಿ 30 ಗುಂಟೆ. ಮಗ ಸತ್ತಾಗ ತಾಯಿಗೂ ಪಾಲು ಇದೆ ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಜಮೀನು ಪಿತ್ರಾರ್ಜಿತವಾಗಿದ್ದರೆ ಲೆಕ್ಕ ಬದಲಾಗುತ್ತಿತ್ತು.

ಇನ್ನು ಪೌತಿ ಖಾತೆ, ಅಂದರೆ ಸತ್ತವರ ಹೆಸರಿನ ಖಾತೆಯನ್ನು ವಾರಸುದಾರರ ಹೆಸರಿಗೆ ಮಾಡಿಸುವುದು. ಎರಡೂ ಮರಣ ಪ್ರಮಾಣಪತ್ರ, ವಂಶವೃಕ್ಷ, ಪಹಣಿ, ಎಲ್ಲರ ಆಧಾರ್ ಹಿಡಿದು ನಾಡಕಚೇರಿಯಲ್ಲಿ ಅರ್ಜಿ ಕೊಡಿ. ಅರ್ಜಿ ಕೆಡುವುದು ಸಾಮಾನ್ಯವಾಗಿ ವಂಶವೃಕ್ಷದಲ್ಲೇ: ಮದುವೆಯಾಗಿ ಹೋದ ಹೆಣ್ಣುಮಗಳ ಹೆಸರನ್ನು ‘ಅವಳಿಗೇನು ಬೇಕು’ ಅಂತ ಬಿಟ್ಟಿರುತ್ತಾರೆ, ಆಮೇಲೆ ಅವಳೇ ತಕರಾರು ಹಾಕುತ್ತಾಳೆ. ನಾದಿನಿಯ ಹೆಸರು ಖಂಡಿತ ಸೇರಿಸಿ. ನಿಮ್ಮ ಹಕ್ಕನ್ನು ಕೇಳುವಾಗ ಅವಳದನ್ನು ನುಂಗುವುದು ಸರಿಯೂ ಅಲ್ಲ. ಮಕ್ಕಳ ಹೆಸರಿನ ಮುಂದೆ ‘ಅಪ್ರಾಪ್ತ, ಪೋಷಕಿ ತಾಯಿ’ ಎಂದಿರಲಿ. ನೋಟಿಸ್ ಅವಧಿಯಲ್ಲಿ ತಕರಾರು ಬರದಿದ್ದರೆ ಜಂಟಿ ಖಾತೆಯಾಗುತ್ತದೆ. ಬಂದರೆ ಪ್ರಕರಣ ತಹಶೀಲ್ದಾರರ ಮುಂದೆ ಹೋಗುತ್ತದೆ.

ಜಂಟಿ ಪಹಣಿಯ ಮೇಲೆ ಸಾಲ ಕೊಡುವಾಗ ಸೊಸೈಟಿಯವರು ಉಳಿದ ಹಕ್ಕುದಾರರ ಒಪ್ಪಿಗೆ ಕೇಳಬಹುದು. ನಿಮ್ಮದೇ ಪಹಣಿ ಬೇಕೆಂದರೆ 11ಇ ನಕ್ಷೆ (ಪಾಲನ್ನು ಅಳೆದು ಗುರುತಿಸುವ ಸರ್ವೆ ನಕ್ಷೆ) ಮಾಡಿಸಿ, ಪಾಲುಪತ್ರ ನೋಂದಾಯಿಸಬೇಕು. ಪಹಣಿಯ ಹೆಸರು ಆಧಾರ್‌ನ ಹೆಸರಿಗೆ ಅಕ್ಷರಶಃ ಹೊಂದುತ್ತದೆಯೇ ನೋಡಿಕೊಳ್ಳಿ. ‘ಮಲ್ಲವ್ವ’ ಒಂದು ಕಡೆ, ‘ಮಲ್ಲಮ್ಮ’ ಇನ್ನೊಂದು ಕಡೆ ಇದ್ದರೆ ಫ್ರೂಟ್ಸ್ (ರಾಜ್ಯ ಸರ್ಕಾರದ ರೈತರ ದತ್ತಾಂಶ) ನೋಂದಣಿಯಲ್ಲಿ ಸಿಕ್ಕಿಕೊಳ್ಳುತ್ತದೆ.

ಪಿಎಂ ಕಿಸಾನ್‌ಗೆ ಭೂಮಿ 1-2-2019ಕ್ಕೆ ಮೊದಲೇ ಹೆಸರಿನಲ್ಲಿರಬೇಕು ಎಂದು ನಿಮ್ಮ ಅರ್ಜಿ ತಿರಸ್ಕರಿಸಿದರೆ, ಮಾಲೀಕರ ಮರಣದಿಂದ ವಾರಸಾಗಿ ಬಂದ ಭೂಮಿಗೆ ಆ ನಿಯಮದಲ್ಲೇ ವಿನಾಯಿತಿ ಇದೆ ಎಂದು ತೋರಿಸಿ.

ಪ್ರಶ್ನೆ: ನನಗೆ 1990ರಲ್ಲಿ ಮದುವೆಯಾಯಿತು, ಅಪ್ಪ 2001ರಲ್ಲಿ ತೀರಿಕೊಂಡರು. ಪಿತ್ರಾರ್ಜಿತ ಗದ್ದೆಗೆ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕು, ಅರಿಶಿನ ಕುಂಕುಮಕ್ಕೆ ಕೊಡುತ್ತೇವೆ ಎನ್ನುತ್ತಾರೆ ಅಣ್ಣಂದಿರು. ನನಗೆ ಹಕ್ಕಿದೆಯೇ?
– ಮಂಡ್ಯ ಜಿಲ್ಲೆ

ಉತ್ತರ: ಇದೆ. 2005ರ ತಿದ್ದುಪಡಿ ಮಗಳಿಗೆ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು ಕೊಟ್ಟಿದೆ. ಆ ಹಕ್ಕಿಗೆ ತಿದ್ದುಪಡಿ ಜಾರಿಯಾದ 9-9-2005ರಂದು ತಂದೆ ಬದುಕಿರಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2020ರ ಆಗಸ್ಟ್‌ನಲ್ಲಿ ಹೇಳಿದೆ. ಮದುವೆ ಅಡ್ಡಿಯಲ್ಲ. ಆದರೆ 20-12-2004ಕ್ಕೆ ಮೊದಲೇ ನೋಂದಾಯಿತ ಪಾಲುಪತ್ರ ಅಥವಾ ಕೋರ್ಟ್ ಡಿಕ್ರಿ ಆಗಿದ್ದರೆ ಅದನ್ನು ಈಗ ಬಿಚ್ಚಲಾಗದು. ‘ಬಾಯಿಮಾತಲ್ಲಿ ಪಾಲಾಗಿತ್ತು’ ಎಂಬುದನ್ನು ಕೋರ್ಟು ಸುಲಭಕ್ಕೆ ಒಪ್ಪುವುದಿಲ್ಲ. ಸರ್ಕಾರಿ ದಾಖಲೆಯ ಬಲವಿದ್ದರೆ ಮಾತ್ರ ವಿಚಾರ ಬೇರೆ. ಹಾಗಾಗಿ ಹಳೆಯ ಪಹಣಿ, ಮ್ಯುಟೇಶನ್ (ಖಾತೆ ಬದಲಾವಣೆಯ ದಾಖಲೆ) ತೆಗೆಸಿ ನೋಡಿ.

ಸಹಿ ಹಾಕುವುದು ಬಿಡುವುದು ನಿಮ್ಮ ಇಷ್ಟ. ಆದರೆ ನೋಂದಣಿಯಾದ ಬಿಡುಗಡೆ ಪತ್ರವನ್ನು ರದ್ದು ಮಾಡಿಸಲು ಮೋಸವನ್ನೋ ಬಲವಂತವನ್ನೋ ನೀವೇ ಸಾಬೀತು ಮಾಡಬೇಕು, ಅದೂ ವಿಷಯ ತಿಳಿದ ಮೂರು ವರ್ಷದೊಳಗೆ ದಾವೆ ಹೂಡಿ. ಪತ್ರದಲ್ಲಿ ‘ಪೂರ್ತಿ ಹಣ ಸಂದಾಯವಾಗಿದೆ’ ಎಂಬ ಸಾಲಿದ್ದರೆ, ಹಣ ಕೈಗೆ ಬಾರದೆ ಸಹಿ ಬೇಡ. ಮೊದಲು ತಾಲ್ಲೂಕು ಕಾನೂನು ಸೇವಾ ಸಮಿತಿಯವರಿಗೆ ಕರಡು ತೋರಿಸಿ. ಹೆಂಗಸರಿಗೆ, ಆದಾಯ ಎಷ್ಟೇ ಇರಲಿ, ಅಲ್ಲಿ ವಕೀಲರ ನೆರವು ಉಚಿತ.

ಪ್ರಶ್ನೆ: ಹೆಂಗಸರ ಬೇಸಾಯದಲ್ಲಿ ಇಳುವರಿ ಕಡಿಮೆ ಎನ್ನುತ್ತಾರಲ್ಲ?
– ಕೊಪ್ಪಳ

ಉತ್ತರ: ಕಡಿಮೆ ಇರುವುದುಂಟು. ಕಾರಣ ಕೈಗುಣವಲ್ಲ, ಬೀಜ, ಗೊಬ್ಬರ, ಸಾಲ, ಸಲಕರಣೆ ಹೊತ್ತಿಗೆ ಸಿಗದಿರುವುದು. ಇವು ಗಂಡಸರಷ್ಟೇ ಸಿಕ್ಕರೆ ಅಭಿವೃದ್ಧಿಶೀಲ ದೇಶಗಳ ಹೆಂಗಸರ ಹೊಲದ ಇಳುವರಿ ಶೇ 20–30 ಏರಬಹುದು ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2011ರಲ್ಲೇ ಅಂದಾಜಿಸಿತ್ತು. ನಮ್ಮ ದೇಶದಲ್ಲಿ 2015–16ರ ಕೃಷಿ ಗಣತಿಯಂತೆ ಹೆಂಗಸರು ನಡೆಸುವ ಹಿಡುವಳಿ ಶೇ 14ರಷ್ಟು ಮಾತ್ರ.

ಪ್ರಶ್ನೆ: ಕಳೆ ತೆಗೆಯಲು ಕೈಯಲ್ಲಿ ದೂಡುವ ಸೈಕಲ್ ಎಡೆಕುಂಟೆ ತಂದೆವು. ಅರ್ಧ ದಿನಕ್ಕೇ ಭುಜ, ಸೊಂಟ ಹಿಡಿಯುತ್ತದೆ.
– ಮಹಿಳಾ ಸಂಘದ ಸದಸ್ಯೆ, ಚಿತ್ರದುರ್ಗ ಜಿಲ್ಲೆ

ಉತ್ತರ: ಹಿಡಿಯ ಎತ್ತರ ನೋಡಿ. ಗಂಡಸಿನ ಅಳತೆಗೆ ಬೋಲ್ಟ್ ಹಾಕಿರುತ್ತಾರೆ. ನೆಟ್ಟಗೆ ನಿಂತಾಗ ಹಿಡಿ ನಿಮ್ಮ ಮೊಣಕೈಗಿಂತ ಸ್ವಲ್ಪ ಕೆಳಗಿರಬೇಕು. ತೂತು ಇಲ್ಲದಿದ್ದರೆ ವೆಲ್ಡಿಂಗ್ ಅಂಗಡಿಯಲ್ಲಿ ಹೊಸದು ಕೊರೆಸಿ. ಒಂದೇ ಸಮ ದೂಡಬೇಡಿ, ಹಿಂದೆ ಮುಂದೆ ಸಣ್ಣ ಸಣ್ಣ ಎಳೆತದಲ್ಲಿ ನಡೆಸಿ. ಎರೆಮಣ್ಣು ಹಸಿ ಇದ್ದರೆ ಅಲಗಿಗೆ ಮೆತ್ತಿಕೊಳ್ಳುತ್ತದೆ. ಹದಕ್ಕೆ ಕಾಯಿರಿ, ಆದರೆ ಕಳೆ ಬಲಿಯುವಷ್ಟು ಅಲ್ಲ. ಬಿತ್ತಿದ 15–20 ದಿನಕ್ಕೆ ಮೊದಲ ಸುತ್ತು ಸರಿ. ಮುಂದೆ ಯಂತ್ರ ಕೊಳ್ಳುವುದಿದ್ದರೆ, ಕೇಂದ್ರದ ಯಾಂತ್ರೀಕರಣ ಯೋಜನೆಯಲ್ಲಿ ಹೆಂಗಸರಿಗೆ ಸಬ್ಸಿಡಿ ಶೇ 50ರವರೆಗೆ, ಸಾಮಾನ್ಯ ವರ್ಗದ ದೊಡ್ಡ ರೈತರಿಗೆ ಶೇ 40. ಅರ್ಜಿ ಹಾಕುವ ಮೊದಲು ಪಹಣಿ ಯಾರ ಹೆಸರಿನಲ್ಲಿದೆ ಎಂದು ಮನೆಯಲ್ಲಿ ಒಮ್ಮೆ ಕೇಳಿಕೊಳ್ಳಿ.